ಸೈಲೆನ್ಸರಿಗೊಂದು ಬಾಯಿ

ಸವಣೂರಿನಲ್ಲಿ ನನ್ನ ದವಾಖಾನೆಯ ಎದುರು ಹಯಾತಭಾಯಿ ವೆಲ್ಡಿಂಗ್ ಅಂಗಡಿ ತೆರೆದ ದಿನ ನಾನು ಮಾಡಿದ ಮೊದಲ ಕೆಲಸವೆಂದರೆ ಜಗಳ. ನಾನು ಹೋಮಿಯೋಪಥಿ ವೈದ್ಯ. ನಮ್ಮಲ್ಲಿ ರೋಗಿ ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಬೇಕು. ಹೊಟ್ಟೆನೋವು ಅಂತ ಬಂದವನು ಅತ್ತೆಮನೆಯ ಕಥೆ ತೆಗೆದರೂ ಕೇಳಬೇಕು. ಎದುರಿಗೆ ಮೋಟರ್‌ಸೈಕಲ್ಲುಗಳು ಗುಡುಗತೊಡಗಿದರೆ ಏನು ಕೇಳುವುದು, ಮಣ್ಣು? ಅದೂ ಅಲ್ಲದೆ ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ನಮ್ಮ ಮನೆಯಾಕೆ ಪದ್ಮಜಾ ಊರಿಗೆಲ್ಲ ಹೇಳಿಟ್ಟಿದ್ದಾಳೆ. ರಸ್ತೆ ದಾಟಿ ಹೋಗಿ ಬಾಯಿಗೆ ಬಂದದ್ದೆಲ್ಲ ಅಂದೆ.

ಆತ ಬಾಯೊಳಗಿನ ಎಲೆ ಅಡಿಕೆಯನ್ನು ಒಂದು ದವಡೆಗೆ ತಳ್ಳಿ, ನಾನು ಮುಗಿಸುವವರೆಗೆ ಕಾದ.

"ಡಾಕ್ಟರ್ರ, ನೀವು ತಪ್ಪು ತಿಳಕೊಂಡೀರಿ. ನಾ ಸಪ್ಪಳಾ ಮಾಡಾಂವ ಅಲ್ರಿ. ಸಪ್ಪಳಾ ಬಂದ್ ಮಾಡಾಂವ."

ಆಮೇಲೆ ಗೊತ್ತಾಯಿತು, ಮಾತು ಸುಳ್ಳಲ್ಲ. ಹಯಾತಭಾಯಿ ಸೈಲೆನ್ಸರ್ ಕೆಲಸವನ್ನು ಬಿಟ್ಟು ಬೇರೆ ಮುಟ್ಟುವುದಿಲ್ಲ. ಗೇಟು, ಕಿಟಕಿ, ನೇಗಿಲು ಅಂತ ಬಂದವರನ್ನು ಪಕ್ಕದ ಓಣಿಗೆ ಕಳಿಸುತ್ತಾನೆ. ತೆಳ್ಳನೆಯ ಮನುಷ್ಯ, ಮದರಂಗಿ ಹಚ್ಚಿದ ಗಡ್ಡ, ಒಂದು ಕಡ್ಡಿ ಮುರಿದು ತಾಮ್ರದ ತಂತಿ ಸುತ್ತಿದ ಕನ್ನಡಕ. ನಾವಿಬ್ಬರೂ ಒಂದೇ ವಾರಿಗೆಯವರು. ನಾನು ಬಹಳ ಬೇಗ 'ನೀನು' ಅನ್ನತೊಡಗಿದೆ. ಅವನು ಮಾತ್ರ ಇವತ್ತಿಗೂ 'ರಿ' ಬಿಟ್ಟಿಲ್ಲ. ನನ್ನನ್ನು ಬೈಯುವಾಗಲೂ 'ತಲಿ ಐತೇನ್ರಿ ನಿಮಗ' ಎಂದೇ ಬೈಯುತ್ತಾನೆ.

ಗಾಡಿಯ ಸದ್ದು ಹೆಚ್ಚು ಮಾಡಿಕೊಡು ಎಂದು ಬರುವ ಹುಡುಗರನ್ನು ಕಂಡರೆ ಅವನಿಗೆ ಆಗುವುದಿಲ್ಲ. "ನಿಮ್ಮ ಅಜ್ಜನ್ನ ಕರಕೊಂಡು ಬಾ. ಅಂವ ಕೇಳಿ ಹ್ಞೂಂ ಅಂದ್ರ ಮಾಡ್ತೇನಿ" ಅನ್ನುತ್ತಾನೆ. ಯಾರೂ ತಿರುಗಿ ಬರುವುದಿಲ್ಲ. ಒಬ್ಬ ಭೂಪ ಮಾತ್ರ ನಿಜವಾಗಿಯೂ ಅಜ್ಜನನ್ನು ಕೂರಿಸಿಕೊಂಡು ಬಂದ. ಅಜ್ಜನಿಗೆ ಕಿವಿ ಕೇಳುತ್ತಿರಲಿಲ್ಲ. ಹಯಾತಭಾಯಿ ಅಜ್ಜನಿಗೆ ಚಹಾ ಕುಡಿಸಿ, ಮೊಮ್ಮಗನಿಗೆ ಉಗಿದು ಕಳಿಸಿದ.

ಅವನ ಕೈಗುಣ ನನ್ನ ಸ್ಕೂಟರಿಗೂ ತಾಗಿದೆ. ಸೈಲೆನ್ಸರ್ ಸರಿಮಾಡಿಸಿಕೊಂಡು ಮನೆಗೆ ಹೋದ ದಿನ ಪದ್ಮಜಾ ಬೆಚ್ಚಿಬಿದ್ದಳು. "ಇದೇನ್ರಿ, ಕಳ್ಳರಂಗ ಬಂದು ನಿಂತೀರಿ! ಗಾಡಿ ಸಪ್ಪಳಾ ಕೇಳಿ ನಾ ಚಾಕ್ಕ ಇಡತಿದ್ದೆ. ಇನ್ನ ಮ್ಯಾಲೆ ನಿಮಗ ಬಂದ ಕೂಡ್ಲೆ ಚಾ ಇಲ್ಲ." ಮರುದಿನ ಇದನ್ನು ಹಯಾತಭಾಯಿಗೆ ಹೇಳಿದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವನಂತೂ ಅದನ್ನು ಶಾಲು ಹೊದಿಸಿದಷ್ಟು ಸಂತೋಷದಿಂದ ತೆಗೆದುಕೊಂಡ. ಆ ಹೆಣ್ಣುಮಗಳು ಹೇಳಿದ್ದರಲ್ಲಿ ಒಂದು ದೂರಿತ್ತು ಎಂಬುದು ನಮ್ಮಿಬ್ಬರ ತಲೆಗೂ ಹೋಗಲಿಲ್ಲ.

ಬಂಕಾಪುರದ ಫಯಾಜ ಬಂದದ್ದು ಅದಾದ ಮೇಲೆ. ಬೇಕರಿಯಿಂದ ಟೋಸ್ಟ್, ಖಾರಿ, ಬಟರ್ ಬಿಸ್ಕೀಟು ತುಂಬಿಕೊಂಡು ಹಳ್ಳಿ ಹಳ್ಳಿ ಮಾರುವ ಮನುಷ್ಯ. ಗಾಡಿ ಅವನಪ್ಪ ಹಸನಸಾಬರ ಕಾಲದ ರಾಜದೂತ ಮೋಟರ್‌ಸೈಕಲ್ಲು. ಹಿಂದಿನ ಸೀಟಿನ ಮೇಲೆ ತಗಡಿನ ಪೆಟ್ಟಿಗೆ. ಎರಡು ವರ್ಷದ ಹಿಂದೆ ಗಂಟಲಲ್ಲಿ ಗಡ್ಡೆಯಾಗಿ ಹುಬ್ಬಳ್ಳಿಯಲ್ಲಿ ಆಪರೇಶನ್ ಮಾಡಿಸಿಕೊಂಡ. ಜೀವ ಉಳಿಯಿತು, ದನಿ ಹೋಯಿತು. ಮಾತಾಡಿದರೆ ಬಾಗಿಲ ಸಂದಿಯಲ್ಲಿ ಗಾಳಿ ಬಂದಂತೆ ಬರುತ್ತದೆ, ಬಗ್ಗಿ ಕೇಳಬೇಕು.

ಅವನ ಗಾಡಿಯ ಸೈಲೆನ್ಸರ್ ತುಕ್ಕು ಹಿಡಿದು ಹಿಡಿದು ಒಂದು ದಿನ ಹೆದ್ದಾರಿಯ ಮೇಲೆಯೇ ಕಳಚಿ ಬಿದ್ದಿತ್ತು. ಅದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದಿದ್ದ. ಆ ಮಾಡೆಲ್ಲಿನದು ಹಾವೇರಿಯಲ್ಲೂ ಸಿಕ್ಕಿಲ್ಲ, ಹುಬ್ಬಳ್ಳಿಯಲ್ಲೂ ಸಿಕ್ಕಿಲ್ಲ. ಹೊಸ ಗಾಡಿ ತೆಗೆದುಕೊಳ್ಳುವ ಮಾತು ಎತ್ತುವಂತೆಯೇ ಇರಲಿಲ್ಲ. ಹಯಾತಭಾಯಿ ಹಳೆಯದನ್ನು ಎತ್ತಿ ಬೆಳಕಿಗೆ ಹಿಡಿದ. ಜರಡಿಯಂತೆ ಆ ಕಡೆಯ ಬೆಳಕೆಲ್ಲ ಈ ಕಡೆ ಬಂತು.

"ಇದು ತೀರಿಕೊಂಡೈತಿ. ಬ್ಯಾರೆ ಗಾಡೀದು ಕೂಡಸ್ತೇನಿ. ಚಿಂತಿ ಮಾಡಬ್ಯಾಡ" ಅಂದ.

ಅಪಘಾತದಲ್ಲಿ ಮುರಿದುಹೋದ ಯಾವುದೋ ಬೇರೆ ಗಾಡಿಯ ಸೈಲೆನ್ಸರ್ ಗುಜರಿಯಲ್ಲಿ ಸಿಕ್ಕಿತು. ಅಗ್ಗಕ್ಕೆ ಸಿಕ್ಕಿತು, ಗಟ್ಟಿಯಿತ್ತು. ಆದರೆ ರಾಜದೂತಿಗೂ ಅದಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಇದರ ಕುತ್ತಿಗೆ ಸಣ್ಣದು, ಎಂಜಿನ್ನಿನಿಂದ ಬರುವ ಬೆಂಡ್ ಪೈಪು ದಪ್ಪ. ಬೋಲ್ಟು ಹಾಕುವ ಕಿವಿ ಎಲ್ಲೋ, ಚಾಸಿಯ ತೂತು ಎಲ್ಲೋ. ಹಾಗೇ ಕೂರಿಸಿದರೆ ಬ್ರೇಕ್ ತುಳಿಯಲು ಜಾಗವಿಲ್ಲ. ಹಯಾತಭಾಯಿ ಮೊದಲು ಒಂದು ತಂತಿಯನ್ನು ಬಗ್ಗಿಸಿ ಬಗ್ಗಿಸಿ ಪೈಪು ಹೋಗಬೇಕಾದ ದಾರಿಯನ್ನು ನೋಡಿಕೊಂಡ. ತಗಡಿನಿಂದ ಲಾಳಿಕೆಯ ಆಕಾರದ ಕಾಲರ್ ಮಾಡಿ ದಪ್ಪಕ್ಕೂ ಸಣ್ಣಕ್ಕೂ ಗಂಟು ಹಾಕಿದ. ಹಳೆಯ ಕಿವಿ ಕತ್ತರಿಸಿ, ಹರಕು ಮಂಚದ ಪಟ್ಟಿಯಿಂದ ಹೊಸ ಕಿವಿ ಬೆಸೆದ. ಇಡಿಯ ಸೈಲೆನ್ಸರನ್ನು ಸ್ವಲ್ಪ ಹೊರಗೆ, ಸ್ವಲ್ಪ ಕೆಳಗೆ ಸರಿಸಿ ಬ್ರೇಕಿಗೆ ಜಾಗ ಬಿಟ್ಟ.

ಕೊನೆಗೆ ಗಾಡಿ ಚಾಲೂ ಮಾಡಿ ಊದುಬತ್ತಿ ಹಚ್ಚಿದ. ನೋಡಿದವರು ಪೂಜೆ ಅಂದುಕೊಳ್ಳುತ್ತಾರೆ. 'ಏನು ಹಯಾತಭಾಯಿ, ನಮ್ಮ ಪದ್ಧತಿ ಹಿಡದಿ' ಎಂದು ನಾನೂ ಎಷ್ಟೋ ಸಲ ಕಾಡಿದ್ದೇನೆ. ಅದು ಅವನ ಪರೀಕ್ಷೆ. ಬೆಸುಗೆಯ ಗುಂಟ ಊದುಬತ್ತಿ ಹಿಡಿದು ಹೋಗುತ್ತಾನೆ. ಎಲ್ಲಾದರೂ ಹೊಗೆ ಬಾಗಿದರೆ ಅಲ್ಲಿ ಗಾಳಿ ಸೋರುತ್ತಿದೆ ಎಂದು ಅರ್ಥ, ಮತ್ತೆ ಬಿಚ್ಚುತ್ತಾನೆ. ಅವತ್ತು ಹೊಗೆ ನೂಲು ಹಿಡಿದಂತೆ ನೆಟ್ಟಗೆ ಮೇಲೆ ಹೋಯಿತು. ಆ ಮುದಿ ರಾಜದೂತ, ಆಕಳು ಮೆಲುಕು ಹಾಕಿದಷ್ಟೇ ಸದ್ದು ಮಾಡುತ್ತ ನಿಂತಿತ್ತು. ರೋಗಿಯನ್ನು ಕೂರಿಸಿಬಿಟ್ಟು ನಾನೂ ನೋಡಲು ಬಂದೆ.

"ಹೆಂಗೈತಿ?" ಎಂದು ಹಯಾತಭಾಯಿ ಫಯಾಜನನ್ನು ಕೇಳಿದ. ಜೀವಮಾನದ ಕೆಲಸ ಮುಗಿಸಿದವನ ಮುಖ ಅವನದು.

ಫಯಾಜ ಎದೆಯ ಮೇಲೆ ಕೈಯಿಟ್ಟು, "ಬೆಣ್ಣಿ, ಭಾಯ್. ಬೆಣ್ಣಿ" ಎಂದು ಉಸುರಿದ. ಹಳೆಯದು ಗುಜರಿಗೆ ಹೋಯಿತು.

ಕೆಲವು ವಾರ ಕಳೆದಿರಬೇಕು. ಫಯಾಜ ನನ್ನ ದವಾಖಾನೆಗೆ ಬಂದ. ಗಾಡಿಯನ್ನು ಹಯಾತಭಾಯಿಯ ಕಣ್ಣಿಗೆ ಬೀಳದಂತೆ ಹಿಂದಿನ ಓಣಿಯಲ್ಲಿ ನಿಲ್ಲಿಸಿದ್ದ.

"ಡಾಕ್ಟರ್ರ, ದನಿ ಬರೂವಂಗ ಏನರ ಗುಳಗಿ ಕೊಡ್ರಿ. ಪೂರಾ ಬ್ಯಾಡ್ರಿ. ಒಂದು ಓಣಿಗೆ ಕೇಳೂವಷ್ಟು ಬಂದ್ರ ಸಾಕು."

ನಾನು ಪೆನ್ನು ಕೆಳಗಿಟ್ಟೆ. "ಆಪರೇಶನ್ ಆಗಿ ಎರಡು ವರ್ಷ ಆತು. ಆವಾಗ ಕೇಳಲಿಲ್ಲ. ಈಗ್ಯಾಕ?"

ಅವನು ನೆಲ ನೋಡತೊಡಗಿದ. ಸುಮ್ಮನಿರುವವರನ್ನು ಮಾತಾಡಿಸುವುದೇ ನನ್ನ ಕಸುಬು. ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕಿವಿ ಕೊಟ್ಟೆ. ಆಮೇಲೆ ಒಂದೊಂದೇ ಮಾತು ಹೊರಗೆ ಬಂತು. ದನಿ ಹೋದ ಮೇಲೆ ಅವನು ಕೂಗಿ ಮಾರುವುದನ್ನು ಬಿಟ್ಟಿದ್ದ. ಕೂಗುವ ಅಗತ್ಯವೂ ಬಿದ್ದಿರಲಿಲ್ಲ. ಅವನ ರಾಜದೂತ ಊರಬಾಗಿಲ ಅಗಸಿ ದಾಟುತ್ತಿದ್ದಂತೆ ಊರಿಗೆ ಗೊತ್ತಾಗುತ್ತಿತ್ತು. ಹೆಣ್ಣುಮಕ್ಕಳು ಡಬ್ಬಿ ಹಿಡಿದು ಕಟ್ಟೆಗೆ ಬರುತ್ತಿದ್ದರು. ಈಗ ಗಾಡಿ ಬಂದದ್ದೂ ತಿಳಿಯುವುದಿಲ್ಲ, ಹೋದದ್ದೂ ತಿಳಿಯುವುದಿಲ್ಲ. ತುಂಬಿದ ಪೆಟ್ಟಿಗೆ ತುಂಬಿದಂತೆಯೇ ಬಂಕಾಪುರಕ್ಕೆ ವಾಪಸು ಬರುತ್ತಿದೆ. ಹೀಗೇ ಆದರೆ ಬೇಕರಿಯವರು ಅವನ ಹಳ್ಳಿಗಳನ್ನು ಬೇರೆಯವರಿಗೆ ಕೊಡುತ್ತಾರೆ.

"ಹಾರ್ನ್ ಹೊಡೀಬೇಕಪಾ" ಅಂದೆ.

"ಹೊಡದೇನ್ರಿ. ಹಾರ್ನ್ ಹೊಡದ್ರ ಮಂದಿ ದಾರಿ ಬಿಡ್ತಾರ. ಬಾಗಲಾ ತಗಿಯಂಗಿಲ್ಲ."

"ಮತ್ತ ಆ ಹಳೇ ಕಬ್ಬಿಣದಾಂವ ಹಚ್ಚಕೊಂಡು ತಿರಗ್ತಾನಲ್ಲ, ಹಂತಾದ್ದೊಂದು ಸ್ಪೀಕರ್?"

"ಇರಮ ರೆಕಾರ್ಡ್ ಮಾಡಿ ಕೊಡ್ತೇನಿ ಅಂದಳ್ರಿ. ನನ್ನ ಮಗಳು. ಮಗಳ ದನಿ ಓಣಿ ಓಣಿ ಒದರಸ್ಕೋಂತ ನಾ ಹೆಂಗ ತಿರಗಲಿ? ಬ್ಯಾರೆ ಮಂದೀ ದನೀನೂ ನನಗ ಬ್ಯಾಡ."

"ಹಂಗಾದ್ರ ಹಯಾತಭಾಯಿಗೆ ಹೇಳಬೇಕಿಲ್ಲೋ!"

ಫಯಾಜ ಎರಡೂ ಕೈ ಮುಗಿದ. "ಅದೊಂದು ಬ್ಯಾಡ್ರಿ. ಎಷ್ಟ ಪ್ರೀತೀಲೆ ಮಾಡ್ಯಾನ. ಹೆಂಗ ಹೇಳಲಿ, ನಿನ್ನ ಕೆಲಸಾ ಭಾಳ ಛಲೋ ಆತು, ಅದಕ ನಾ ಮುಳಗಾಕತ್ತೇನಿ ಅಂತ?"

ನಮ್ಮ ಸೀಮೆಯ ಮಂದಿಗೆ ಇದೊಂದು ರೋಗ. ಹೊಟ್ಟೆಗೆ ಕಲ್ಲು ಕಟ್ಟಿಕೊಂಡಾರು, ಮಾಡಿಕೊಟ್ಟವನ ಮುಖ ಸಣ್ಣದಾಗುವುದನ್ನು ನೋಡಲಾರರು. ಇದಕ್ಕೆ ನನ್ನ ಡಬ್ಬಿಯಲ್ಲಿ ಗುಳಿಗೆ ಇಲ್ಲ. ಫಯಾಜ ಹೇಳಬೇಡ ಅಂದದ್ದು ನನಗೆ ಚೆನ್ನಾಗಿಯೇ ಕೇಳಿಸಿತ್ತು. ಅವನ ಗಾಡಿ ಓಣಿ ದಾಟಿದ್ದೇ ತಡ, ನಾನು ರಸ್ತೆ ದಾಟಿದೆ. ಹೇಳಿಬಿಟ್ಟೆ.

ಹಯಾತಭಾಯಿ ಮೊದಲು ನಂಬಲಿಲ್ಲ. "ಎಲ್ಲ್ಯರ ಸೋರಾಕತ್ತೇತೇನ್ರಿ? ಕೆಲಸ ಕೆಟ್ಟೈತೇನು?"

"ಕೆಟ್ಟಿಲ್ಲೋ ಮಾರಾಯಾ. ಛಲೋ ಆಗೇತಿ. ಅದ ತಕರಾರು."

ಅವನು ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ. ನಟ್ಟು ಬಿಚ್ಚುವ ಪಾನಾ ಒಂದು ಸೊಟ್ಟಗಿತ್ತು, ನೆಟ್ಟಗೆ ಜೋಡಿಸಿದ. ಆಮೇಲೆ ನಡುಮಧ್ಯಾಹ್ನವೇ ಶಟರ್ ಎಳೆದು ಮನೆಗೆ ಹೋದ. ಇವನು ಸಿಟ್ಟಾಗಿದ್ದರೆ ಬೈದಾದರೂ ಬೈಯಬೇಕಿತ್ತು.

ಶನಿವಾರ ಸಂಜೆ ಬಂದು, "ನಾಳಿಗೆ ದವಾಖಾನಿ ಸೂಟಿ ಅಲ್ರಿ? ಸ್ಕೂಟರ್ ತಗೀರಿ. ಫಯಾಜ ಹಿರೇಬೆಂಡಿಗೇರಿಗೆ ಹೋಗೂ ದಿನ. ನೋಡಬೇಕು" ಅಂದ.

ಭಾನುವಾರ ಮುಂಜಾನೆ ಫಯಾಜನ ಹಿಂದೆ ನಾವಿಬ್ಬರೂ ಹೋದೆವು. ಫಯಾಜ ನನ್ನನ್ನು ಒಮ್ಮೆ ನೋಡಿದ, ಅಷ್ಟೇ. ಆ ನೋಟಕ್ಕೆ ನಾನು ಅರ್ಹ. ಹಿರೇಬೆಂಡಿಗೇರಿಯ ಓಣಿಯ ನಡುವೆ ಗಾಡಿ ನಿಲ್ಲಿಸಿ ಅವನು ಹಾರ್ನ್ ಹೊಡೆದ. ಒಂದು ಆಡು ಪಕ್ಕಕ್ಕೆ ಸರಿಯಿತು. ಟ್ರ್ಯಾಕ್ಟರಿನವನೊಬ್ಬ ದಾರಿ ಬಿಟ್ಟು, ಹೋಗು ಎಂದು ಕೈಮಾಡಿದ. ಒಂದು ಬಾಗಿಲೂ ತೆರೆಯಲಿಲ್ಲ. ಫಯಾಜ ಇಳಿದು ಮನೆ ಮನೆಯ ಚಿಲಕ ಬಡಿಯತೊಡಗಿದ. ಮುಂದಿನ ಪಡಸಾಲೆಯಲ್ಲಿ ಇದ್ದವರು ಬಂದರು. ಹಿತ್ತಲಲ್ಲಿ ಇದ್ದವರಿಗೆ ಅದೂ ಕೇಳಿಸಲಿಲ್ಲ. ಹಯಾತಭಾಯಿ ಒಂದು ಕಟ್ಟೆಯ ಹತ್ತಿರ ನಿಂತು ಎಲ್ಲವನ್ನೂ ನೋಡಿದ.

ಬಹಳ ಹೊತ್ತು ಬಡಿದ ಮೇಲೆ ಒಂದು ಬಾಗಿಲಲ್ಲಿ ಮಂಜವ್ವ ಎಂಬ ಮುದುಕಿ ಕಾಣಿಸಿಕೊಂಡಳು. ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದವಳು ಹಾಗೇ ಎದ್ದು ಬಂದಿದ್ದಳು. ಅವಳಿಗಿಂತ ಮುಂಚೆ ಘಾಟು ಬಂತು.

"ಏ ಫಯಾಜಾ! ಇದ್ದೀಯೇನೋ ನೀ? ಸತ್ತಿ ಅಂತ ಮಾಡಿದ್ನೆಲ್ಲೋ!"

"ವಾರಾ ವಾರಾ ಬರಾಕತ್ತೇನಬೇ" ಎಂದು ಫಯಾಜ ಉಸುರಿದ.

"ಎಲ್ಲಿ ಬಂದಿ? ನಾ ಹಿತ್ತಲದಾಗ ಕಿವಿ ಇಟಗೊಂಡು ಕುಂತಿರ್ತೇನಿ. ಹಲ್ಲಿಲ್ಲದ ಬಾಯಾಗ ರೊಟ್ಟಿ ಅಗೀಲ್ಯಾ? ಚಾದಾಗ ಟೋಸ್ಟ್ ಎದ್ದಿ ತಿನ್ನೂದೊಂದ ನನ್ನ ಸುಖಾ. ಅದೂ ಇಲ್ದ ಬರೇ ಚಾ ಕುಡದು ಕುಂದ್ರಾಕತ್ತೇನಿ." ಅವಳು ಗಾಡಿಯ ಕಡೆ ನೋಡಿದಳು. ಅದು ಅವಳ ಬಾಗಿಲೆದುರೇ ಚಾಲೂ ನಿಂತಿತ್ತು. "ನಿನ್ನ ಗಂಟಲಂತೂ ದೇವ್ರು ಕಸಗೊಂಡ. ಗಾಡೀ ಗಂಟಲಾ ಯಾವ ಮೂಳ ಕಸಗೊಂಡಾನ?"

ನಾನು ಆಕಾಶ ನೋಡಿದೆ. ಹಯಾತಭಾಯಿ ಕಟ್ಟೆ ಬಿಟ್ಟು ಮುಂದೆ ಬಂದ.

"ನಾನಬೇ."

"ನೀ ಯಾರು, ಪೊಲೀಸ?"

"ಅಲ್ಲಬೇ. ಸೈಲೆನ್ಸರ್ ಮಾಡಾಂವ."

"ಹಂಗಾರ ಹೊಳ್ಳಿ ಹಚ್ಚು ಅದನ್ನ!" ಅಂದಳು ಮಂಜವ್ವ, ಒಯ್ದ ಚಂಬನ್ನು ವಾಪಸು ಕೇಳುವವಳ ಹಾಗೆ.

ಹಯಾತಭಾಯಿ ಅವಳ ಕಟ್ಟೆಯ ಮೇಲೆ ಕುಳಿತ. "ಹಚ್ಚತೇನಬೇ. ಹಳೇದು ಗುಜರಿಗೆ ಹೋಗೇತಿ. ಹೊಸಾದಾಗ ಮಾಡಬೇಕು. ಮದ್ಲ ಹೆಂಗ ಬರ್ತಿತ್ತು ಸಪ್ಪಳಾ, ಹೇಳು."

"ಡುಗ್ ಡುಗ್ ಡುಗ್ ಅಂತ ಬರ್ತಿತ್ತು."

"ಹಂಗಲ್ಲ ಅತ್ತಿ" ಎಂದಳು ಎದುರು ಮನೆಯ ಹೆಣ್ಣುಮಗಳು, ಕೂಸನ್ನು ಟೊಂಕದ ಮೇಲೆ ಇಟ್ಟುಕೊಂಡು. "ಡುಬುಗ್, ಡುಬುಗ್. ತಳದಾಗಿಂದ ಬರ್ತಿತ್ತು."

"ನಡುನಡುಕ ಕೆಮ್ಮತಿತ್ತಲ್ಲ, ಅದನ್ನ ಹೇಳ್ರಿ" ಎಂದು ಇನ್ನೊಬ್ಬಳು ಕೂಗಿದಳು.

"ಹೌದ್ನೋಡು, ಕೆಮ್ಮತಿತ್ತು! ಡುಗ್ ಡುಗ್ ಡುಗ್, ಖೊಕ್ಕ್, ಡುಗ್ ಡುಗ್."

ಚಿಲಕ ಬಡಿದರೂ ಬಾರದ ಮಂದಿ ಈಗ ಒಬ್ಬೊಬ್ಬರಾಗಿ ಹೊರಗೆ ಬಂದರು. ಓಣಿಯ ತುಂಬ ಡುಗ್ ಡುಗ್. ಹಯಾತಭಾಯಿ ಕಣ್ಣು ಮುಚ್ಚಿ, ಮದರಂಗಿ ಗಡ್ಡ ಅಲ್ಲಾಡಿಸುತ್ತ, ಅವರು ಹೇಳಿದ್ದನ್ನು ಬಾಯಲ್ಲಿ ಮಾಡಿ ತೋರಿಸಿದ. 'ಇಷ್ಟು ಸಣ್ಣದಲ್ಲ' ಅಂದರು. ಇನ್ನೊಮ್ಮೆ ಮಾಡಿದ. 'ಈಗ ಟ್ರ್ಯಾಕ್ಟರ್ ಆತು' ಅಂದರು. ನಾನು ನಕ್ಕು ನಕ್ಕು ಗೋಡೆ ಹಿಡಿದುಕೊಂಡೆ. ಅವನು ಮಾತ್ರ ನಗಲಿಲ್ಲ. ಮಂಜವ್ವ ಹೌದೆಂದು ತಲೆಯಾಡಿಸುವವರೆಗೆ ಬಿಡಲಿಲ್ಲ. ಏಳುವಾಗ ಎದುರು ಮನೆಯ ಕೂಸನ್ನು ನೋಡಿ, "ಇದು ಮಲಗಿದ್ರ ಏಳತಿತ್ತೇನವಾ ಆ ಸಪ್ಪಳಕ್ಕ?" ಎಂದು ಕೇಳಿದ. ಇಲ್ಲ ಅಂದಳು. "ಅಷ್ಟ ಸಾಕು" ಅಂದ.

ಮರುದಿನ ಫಯಾಜ ಗಾಡಿ ತಂದು ಬಿಟ್ಟುಹೋದ. ಹಯಾತಭಾಯಿ ಡ್ರಿಲ್ಲು ಹಿಡಿದು ಸೈಲೆನ್ಸರಿನ ಮುಂದೆ ಕುಳಿತ. ತಾನೇ ಬೆಸೆದದ್ದು, ಹೊಗೆ ಬಾಗದಂತೆ ಮಾಡಿದ್ದು. ಡ್ರಿಲ್ಲು ಮುಟ್ಟಿಸುತ್ತಾನೆ, ತೆಗೆಯುತ್ತಾನೆ. ನಾನು ಹೋಗಿ ಪಕ್ಕದಲ್ಲಿ ನಿಂತೆ.

"ಮಗಳ ಮೂಗು ಚುಚ್ಚಿಸಿದ ದಿನಾ ನಾ ಅಂಗಳದಾಗ ನಿಂದರಲಿಲ್ರಿ, ಓಡಿ ಹೋಗಿದ್ದೆ" ಅಂದ. "ಈಗ ಎಲ್ಲಿ ಓಡಲಿ?"

ಆಮೇಲೆ ಒತ್ತಿದ. ಕಿಡಿ ಹಾರಿತು, ತೂತು ಬಿತ್ತು.

ಬರಿಯ ತೂತು ಬಿಟ್ಟು ಕಳಿಸುವ ಜಾತಿಯವನಲ್ಲ ಅವನು. ತೂತಿನ ಮೇಲೆ ಒಂದು ಮುಚ್ಚಳ, ಮುಚ್ಚಳಕ್ಕೆ ಒಂದು ಸ್ಪ್ರಿಂಗು, ಅಲ್ಲಿಂದ ಹ್ಯಾಂಡಲ್ಲಿನವರೆಗೆ ಹಳೆಯ ಸೈಕಲ್ಲಿನ ಬ್ರೇಕ್ ವಾಯರು ಮತ್ತು ಹಿಡಿಕೆ. ಹಿಡಿಕೆ ಒತ್ತಿದರೆ ಮುಚ್ಚಳ ತೆರೆಯುತ್ತದೆ, ಗಾಡಿ ಕೂಗುತ್ತದೆ. ಬಿಟ್ಟರೆ ಮುಚ್ಚಿಕೊಂಡು ಸುಮ್ಮನಾಗುತ್ತದೆ. ಹೆದ್ದಾರಿಯಲ್ಲಿ ಬಾಯಿ ಮುಚ್ಚಿಕೊಂಡು ಹೋಗಬೇಕು, ಊರೊಳಗೆ ಬಾಯಿ ತೆಗೆಯಬೇಕು. ಮುಚ್ಚಿದಾಗ ಊದುಬತ್ತಿ ಹಿಡಿದ. ಹೊಗೆ ನೆಟ್ಟಗೆ ಹೋಯಿತು. ತೆರೆದಾಗ ಹಿಡಿದ, ಹೊಗೆ ಚದುರಿ ಹೋಯಿತು.

ಆಮೇಲೆ ಶುರುವಾಯಿತು ನನ್ನ ಗ್ರಹಚಾರ. ದುಂಡನೆಯ ಅರದಿಂದ ತೂತನ್ನು ಚೂರು ಉಜ್ಜುವುದು, ಗಾಡಿ ಕೂಗಿಸುವುದು, ಕಣ್ಣು ಮುಚ್ಚಿ ಬಾಯಲ್ಲಿ ಡುಗ್ ಡುಗ್ ಅನ್ನುವುದು, ಎರಡೂ ಕೂಡದಿದ್ದರೆ ಮತ್ತೆ ಉಜ್ಜುವುದು. ದವಾಖಾನೆಯ ಕಿಟಕಿಯ ಗಾಜು ಅದುರುತ್ತಿತ್ತು. ತಲೆನೋವೆಂದು ಬಂದ ಒಬ್ಬಾತ, "ಏನ್ರಿ ಇದು, ನೀವು ಹೇಳಬಾರದೇನ್ರಿ ಆ ಮನುಷ್ಯಾಗ?" ಅಂದ. "ಸುಮ್ನ ಕುಂದ್ರಪಾ, ಅಲ್ಲಿ ಕೆಲಸಾ ನಡದೈತಿ" ಅಂದೆ. ನಾನೇ ಹಾಗಂದೆ. ಪದ್ಮಜಾಗೆ ಹೇಳಿದರೆ ಇವತ್ತಿಗೂ ನಂಬುವುದಿಲ್ಲ.

ಡುಗ್ ಡುಗ್ ಬಂತು. ಕೆಮ್ಮು ಮಾತ್ರ ಬರಲಿಲ್ಲ. ಅದು ಹಳೆಯ ಸೈಲೆನ್ಸರಿನ ಬಿರುಕಿನಿಂದ ಬರುತ್ತಿದ್ದ ಕೆಮ್ಮು. ಬೇಕೆಂದು ತರಲು ಆಗುವಂಥದ್ದಲ್ಲ. ಫಯಾಜ ಗಾಡಿ ಒಯ್ಯಲು ಬಂದಾಗ ಹಯಾತಭಾಯಿ, "ಕೆಮ್ಮ ಸಿಗಲಿಲ್ಲಪಾ. ಮುದಕಿಗೆ ಗುರ್ತು ಹತ್ತತೈತೋ ಇಲ್ಲೋ" ಎಂದು ತಲೆ ತಗ್ಗಿಸಿದ. ಫಯಾಜ ಹಿಡಿಕೆಯನ್ನು ಎರಡು ಮೂರು ಸಲ ಒತ್ತಿ ಬಿಟ್ಟು ನೋಡಿ, ಹೊರಟುಹೋದ.

ಮುಂದಿನ ಭಾನುವಾರ ನಾವು ಫಯಾಜನಿಗಿಂತ ಮುಂಚೆಯೇ ಹಿರೇಬೆಂಡಿಗೇರಿಗೆ ಹೋದೆವು. ಮಂಜವ್ವನಿಗೆ ಏನೂ ಹೇಳಬಾರದೆಂದು ಹಯಾತಭಾಯಿ ನನ್ನಿಂದ ಆಣೆ ಮಾಡಿಸಿಕೊಂಡಿದ್ದ. ನನ್ನ ಬಾಯಿ ಅವನಿಗೆ ಗೊತ್ತು. ಶಿಗ್ಗಾಂವಕ್ಕೆ ಹೊರಟಿದ್ದೆವು, ಚಹಾಕ್ಕೆ ಬಂದೆವು ಅಂದೆವು. ಅವಳು ಹಿತ್ತಲಲ್ಲಿ ತಾಡಪತ್ರಿ ಹಾಸಿ ಮೆಣಸಿನಕಾಯಿಯ ರಾಶಿಯ ಮುಂದೆ ಕೂತಿದ್ದಳು. ಬರಿಗೈಯಲ್ಲಿ ಕೂರುವುದೇಕೆ ಎಂದು ನಮ್ಮ ಮುಂದೆಯೂ ಒಂದಿಷ್ಟು ಸುರಿದಳು. ಮೂವರೂ ತೊಟ್ಟು ಮುರಿಯುತ್ತ ಕುಳಿತೆವು. ಮಂಜವ್ವ ಸೊಸೆಯ ಕಥೆ ತೆಗೆದಳು.

ದೂರದಲ್ಲಿ, ಅಗಸಿಯ ಆಚೆ, ಅದು ಕೇಳಿಸಿತು. ಡುಗ್ ಡುಗ್ ಡುಗ್.

ಹಯಾತಭಾಯಿಯ ಕೈ ನಿಂತಿತು. ನಾನು ಮಂಜವ್ವನ ಮುಖ ನೋಡಿದೆ. ಅವಳು ಸೊಸೆ ಉಪ್ಪು ಹೆಚ್ಚು ಹಾಕುವುದರ ಬಗ್ಗೆ ಹೇಳುತ್ತಲೇ ಇದ್ದಳು. ಸದ್ದು ಇನ್ನೂ ಸಮೀಪ ಬಂತು. ಉಪ್ಪಿನ ಮಾತು ಎಣ್ಣೆಗೆ ಹೋಯಿತು. ಹಯಾತಭಾಯಿ ನನ್ನ ಕಿವಿಯ ಹತ್ತಿರ ಬಗ್ಗಿ, "ಕೆಮ್ಮಿಲ್ರಿ. ಅದಕ ಗುರ್ತು ಹತ್ತಲಿಲ್ಲ" ಅಂದ. ಅವನ ಮುಖ ನೋಡಿ ನನಗೆ ಸಂಕಟವಾಯಿತು. ಇಷ್ಟು ವರ್ಷ ಎದುರಿಗೆ ಕೂತವನು, ಅವನ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಕಂಡಿರಲಿಲ್ಲ.

ಆಗ ಡುಗ್ ಡುಗ್ ಥಟ್ಟನೆ ನಿಂತಿತು. ಒಂದು ಉಸಿರಿನಷ್ಟು ಸುಮ್ಮನಾಗಿ, ಖೊಕ್ಕ್ ಎಂದು ಒಡೆದುಕೊಂಡು ಬಂತು. ಫಯಾಜ ಹಿಡಿಕೆ ಬಿಟ್ಟು ಒತ್ತಿದ್ದ. ಹಯಾತಭಾಯಿಯ ಕೈಗೆ ಸಿಗದ ಕೆಮ್ಮನ್ನು ಅವನು ತನ್ನ ಬೆರಳಿನಿಂದ ಕೆಮ್ಮುತ್ತಿದ್ದ. ಡುಗ್ ಡುಗ್ ಡುಗ್, ಖೊಕ್ಕ್, ಡುಗ್ ಡುಗ್.

ಮಂಜವ್ವನ ಮಾತು ಅರ್ಧಕ್ಕೇ ನಿಂತಿತು.

"ಫಯಾಜ ಬಂದ" ಅಂದಳು.

ಗಾಡಿ ಬಂತು ಅನ್ನಲಿಲ್ಲ. ಮಡಿಲಲ್ಲಿದ್ದ ಮೆಣಸಿನಕಾಯಿ ಚೆಲ್ಲಾಪಿಲ್ಲಿಯಾದದ್ದನ್ನು ನೋಡದೆ ಎದ್ದು, ಒಳಗಿನಿಂದ ಡಬ್ಬಿ ತಂದಳು. ಹಯಾತಭಾಯಿ ಕನ್ನಡಕ ತೆಗೆದು ಮೆಣಸಿನಕಾಯಿಯ ಕೈಯಲ್ಲೇ ಕಣ್ಣೊರೆಸಿಕೊಂಡ. ಇನ್ನು ಕೇಳಬೇಕೆ, ನೀರು ಧಾರಾಕಾರ ಇಳಿಯಿತು.

"ಏ ಹುಚ್ಚ, ಅಳೂದು ಆಮ್ಯಾಲ ಅಳು" ಎಂದು ಮಂಜವ್ವ ಡಬ್ಬಿಯನ್ನು ಅವನ ಕೈಗೆ ತುರುಕಿದಳು. "ಮದ್ಲ ಇದನ್ನ ಹಿಡಕೊಂಡು ಓಡು. ನನ್ನ ಕಾಲು ತಡಾ ಆಗ್ತಾವು."

ಅವನು ಓಡಿದ. ನಾನು ಹಿಂದೆ ಹೋಗಿ ಬಾಗಿಲಲ್ಲಿ ನಿಂತು ನೋಡಿದೆ. ಎದುರು ಮನೆಯ ಹೆಣ್ಣುಮಗಳು ಕಟ್ಟೆಯ ಮೇಲೆ ಬಂದಿದ್ದಳು. ಅವಳ ಆಚೆಯ ಮನೆಯವಳೂ, ಅದರಾಚೆಯವಳೂ ಬಂದು ನಿಂತಿದ್ದರು, ಕೈಯಲ್ಲಿ ಡಬ್ಬಿ, ಬುಟ್ಟಿ, ಸೆರಗು. ಅವರ ನಡುವೆ ಕಣ್ಣು ಕೆಂಪಗೆ ಮಾಡಿಕೊಂಡು ಹಯಾತಭಾಯಿಯೂ ಡಬ್ಬಿ ಹಿಡಿದು ನಿಂತಿದ್ದ. ಗಾಡಿ ಇನ್ನೂ ಓಣಿಗೆ ತಿರುಗಿರಲಿಲ್ಲ. ಬಾಗಿಲುಗಳೆಲ್ಲ ತೆರೆದಿದ್ದವು.